ಇಂಜಿನ್ನಿಗೆ ನಾನು ಕೊಟ್ಟ ಧ್ವನಿ

ನಮ್ಮ ವ್ಯಾನಿನ ಆಯಿಲ್ ಪಂಪನ್ನು ಹಾಳು ಮಾಡಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಒಂದು ವಾಕ್ಯವನ್ನು ಬಾಯಿಗೆ ತರಲು ಅವತ್ತು ನನಗೆ ಬೆಳಗ್ಗೆಯಿಂದ ಸಂಜೆವರೆಗೆ ಹಿಡಿಯಿತು. ನಡುವೆ ಒಬ್ಬ ಸುಳ್ಳು ಮೆಕ್ಯಾನಿಕ್ಕನನ್ನೂ ಹುಟ್ಟಿಸಬೇಕಾಯಿತು.

ವ್ಯಾನು ಅಪ್ಪನದು. ಹೆಮ್ಮಿಗೆಯಿಂದ ಹಿಡಿದು ತಿ. ನರಸೀಪುರದ ಸುತ್ತಮುತ್ತ ಹನ್ನೆರಡು ಹೆಂಗಸರನ್ನು ಹತ್ತಿಸಿಕೊಂಡು ನಂಜನಗೂಡಿನ ಒಂದು ಬಟ್ಟೆ ಫ್ಯಾಕ್ಟರಿಗೆ ಬಿಡುವುದು, ಸಂಜೆ ಐದೂವರೆಗೆ ಅವರನ್ನು ವಾಪಸು ಕರೆತರುವುದು ಅದರ ಕೆಲಸ. ಅಪ್ಪನ ಮಂಡಿಗೆ ಆಪರೇಷನ್ ಆದ ಮೇಲೆ ಸ್ಟೇರಿಂಗು ನನ್ನ ಕೈಗೆ ಬಂತು. ಫ್ಯಾಕ್ಟರಿಯಲ್ಲಿ ವಾಹನಗಳನ್ನು ನೋಡಿಕೊಳ್ಳುವ ಸಾಹೇಬರು ಮೊದಲ ದಿನವೇ ಎಚ್ಚರಿಸಿದ್ದರು: "ಒಂದು ಟ್ರಿಪ್ ತಪ್ಪಿದ್ರೂ ಬೇರೆ ವ್ಯಾನು ರೆಡಿ ಇದೆ ನೋಡಪ್ಪ." ಅಂದು ಸಂಜೆಯೇ ನಾನು ಹೊಟ್ಟೆ ಮುಂದೆ ತಳ್ಳಿ, ಗಂಟಲಲ್ಲಿ ಸ್ವಲ್ಪ ಕಫ ತಂದುಕೊಂಡು ಆ ಮಾತನ್ನು ವ್ಯಾನಿನೊಳಗೆ ಆಡಿ ತೋರಿಸಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಮಾತಿನ ಅರ್ಥ ನನಗೆ ಮರೆತುಹೋಯಿತು. ನನ್ನ ಕಾಯಿಲೆಯೇ ಅದು. ಯಾರ ಧ್ವನಿ ಬೇಕಾದರೂ ನಾಲ್ಕು ನಿಮಿಷದಲ್ಲಿ ಹಿಡಿಯುತ್ತೇನೆ, ಅವರು ಹೇಳಿದ್ದೇನು ಎಂಬುದು ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ.

ಪಂಪು ಕೆಡುವುದಕ್ಕೆ ಎರಡು ತಿಂಗಳ ಮುಂಚೆ ಇಂಜಿನ್ನಿನ ಅಡಿಯಲ್ಲಿ ಆಯಿಲ್ ಹನಿಯುತ್ತಿತ್ತು. ಇಂಜಿನ್ನಿನ ಕೆಳಗೆ ಆಯಿಲ್ ತುಂಬಿಕೊಂಡಿರುವ ತಗಡಿನ ತಟ್ಟೆಯೊಂದಿದೆ, ಚೇಂಬರ್ ಅನ್ನುತ್ತಾರೆ. ಅದರ ಅಂಚಿನಿಂದ ಹನಿ. "ನಂಜನಗೂಡಿನ ಮೇಸ್ತ್ರಿತಾವ ಬಿಡ್ಲಾ" ಎಂದರು ಅಪ್ಪ. ನಾನು ಬಿಡಲಿಲ್ಲ. ಫೋನಿನಲ್ಲಿ ಮೂರು ವಿಡಿಯೋ ನೋಡಿ, ಮನೆಯ ಮುಂದೆಯೇ ಚೇಂಬರ್ ಬಿಚ್ಚಿ, ಸಂದು ಮುಚ್ಚುವ ಗ್ಯಾಸ್ಕೆಟ್ ಪೇಸ್ಟನ್ನು ಒಂದು ಇಡೀ ಟ್ಯೂಬು ಸುತ್ತಲೂ ಬಳಿದು ಮತ್ತೆ ಬಿಗಿದೆ. ವಿಡಿಯೋದವನು ತೆಳ್ಳಗೆ ಒಂದು ಗೆರೆ ಎಳೆದಿದ್ದ. ನಾನು ಮದುವೆ ಮನೆಯಲ್ಲಿ ಬಡಿಸುವವನ ಹಾಗೆ ಧಾರಾಳ ಮಾಡಿದೆ. ಹನಿ ನಿಂತಿತು. ಅಪ್ಪನ ಮುಂದೆ ಎದೆಯುಬ್ಬಿಸಿ ಓಡಾಡಿದೆ. ಮೇಸ್ತ್ರಿ ಮಾಡಿಕೊಟ್ಟರು ಎಂದೇ ಅವರು ತಿಳಿದಿದ್ದರು. ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಒಂದು ಬುಧವಾರ ಬೆಳಗ್ಗೆ ಇಂಜಿನ್ ಹೊಸ ರಾಗ ತೆಗೆಯಿತು. ಮೇಲುಗಡೆಯಿಂದ ಟಿಕ್ ಟಿಕ್ ಟಿಕ್. ವ್ಯಾನು ನಿಂತಾಗ ಮುಂದಿನ ಫಲಕದಲ್ಲಿ ಆಯಿಲ್ಲಿನ ಕೆಂಪು ದೀಪ ಮಿಣುಕ್ಕನೆ ಹೊತ್ತಿ ಆರುತ್ತಿತ್ತು. ಎಲ್ಲರಿಗಿಂತ ಹಿರಿಯಳಾದ, ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುವ ಅಕ್ಕ ಕೇಳಿದಳು: "ಇದೇನಪ್ಪ, ಕಣ್ಣೊಡೀತದೆ?"

"ನಿನ್ನ ನೋಡೇ ಕಣಕ್ಕ" ಎಂದೆ.

"ಥೂ ನಿನ್ನ. ಮೇಸ್ತ್ರಿಗೆ ಪೋನ್ ಮಾಡು ಮೊದ್ಲು."

ಮೇಸ್ತ್ರಿ ಎಂದರೆ ನಂಜನಗೂಡಿನಲ್ಲಿ ಶೆಡ್ ಇಟ್ಟಿರುವ, ಅಪ್ಪನ ಕಾಲದಿಂದ ನಮ್ಮ ವ್ಯಾನಿನ ಹೊಟ್ಟೆಬಟ್ಟೆ ನೋಡಿಕೊಳ್ಳುತ್ತಿರುವ ಮನುಷ್ಯ. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಊರಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ರೋಗ ಹೇಳುತ್ತಾರೆ. ಫೋನಿನಲ್ಲಿ ಸ್ಕ್ರೂಡ್ರೈವರ್ ಊರಲಾಗುವುದಿಲ್ಲವಲ್ಲ, "ಸವುಂಡ್ ಎಂಗದೆ, ಮಾಡಿ ಕಳ್ಸು" ಎಂದರು. ನನ್ನ ಗಂಟಲಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ವಾಯ್ಸ್ ಮೆಸೇಜ್ ಒತ್ತಿದೆ. ಸುತ್ತ ಹನ್ನೆರಡು ಜನ ಕಿವಿ ನಿಗುರಿಸಿ ಕೂತಿದ್ದರು. ನಾಲಗೆಯನ್ನು ಅಂಗುಳಕ್ಕೆ ಬಡಿದು ಟಿಕ್ ಟಿಕ್ ಶುರು ಮಾಡಿದೆ. ಹಿಂದಿನ ಸೀಟಿನಿಂದ ಕಿಸಕ್ಕೆಂದು ನಗು ಬಂತು. ನಗು ಕೇಳಿದರೆ ನನ್ನ ತಲೆ ನಿಲ್ಲುತ್ತದೆಯೇ? ಟಿಕ್ ಟಿಕ್ಕಿಗೆ ತಾಳ ಸೇರಿಸಿದೆ, ನಡುವೆ ಒಂದು ಸೀನು, ಕೊನೆಗೆ ಹಳೇ ಹೊಲಿಗೆ ಯಂತ್ರದ ಕಿರುಚು. ಚಪ್ಪಾಳೆ ಬಿತ್ತು. ಅದೇ ಬೆಳಗ್ಗೆ ಇಂಜಿನ್ನಿನ ಕೆಳಗಡೆಯಿಂದ ಇನ್ನೊಂದು ಶಬ್ದವೂ ಬರುತ್ತಿತ್ತು. ಮೆತ್ತಗೆ, ಮಂಕಾಗಿ, ಯಾರೋ ಮುಚ್ಚಿದ ಬಾಗಿಲನ್ನು ಮುಷ್ಟಿಯಿಂದ ಗುದ್ದಿದ ಹಾಗೆ. ಅದನ್ನು ಕೇಳಿಸಿಕೊಂಡಿದ್ದೆ. ಆದರೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ, ಬಿಟ್ಟೆ.

ಮೇಸ್ತ್ರಿಯ ಉತ್ತರ ಬಂತು: "ಮೇಲ್ಗಡೆ ವಾಲ್ವಿನ ಟ್ಯಾಪೆಟ್ ಲೂಸಾಗದೆ ಕಣ್ಲಾ. ಗಾಬರಿ ಏನಿಲ್ಲ. ಭಾನುವಾರ ತಕ್ಕಬಾ."

ಶುಕ್ರವಾರದವರೆಗೆ ಗಾಬರಿಯಿಲ್ಲದೆ ಓಡಿಸಿದೆ. ಆಕ್ಸಿಲರೇಟರ್ ಒತ್ತಿದರೆ ಕೆಂಪು ದೀಪ ಆರುತ್ತದೆಂದು ಕಂಡುಕೊಂಡಿದ್ದೆ. ಹಾಗಾಗಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗಲೂ ರೇಸ್ ಕೊಡುತ್ತಲೇ ಇದ್ದೆ, ದೀಪ ಆರಿಸಿದರೆ ರೋಗ ವಾಸಿಯಾದಂತೆ. ಶುಕ್ರವಾರ ಫ್ಯಾಕ್ಟರಿ ಗೇಟಿನಲ್ಲಿ ಹೆಂಗಸರು ಇಳಿಯುತ್ತಿದ್ದಾಗ ದೀಪ ಹೊತ್ತಿತು, ಎಷ್ಟು ಒತ್ತಿದರೂ ಆರಲಿಲ್ಲ. ಕೆಳಗಿನ ಗುದ್ದು ಈಗ ಪಾದಕ್ಕೇ ತಾಗುತ್ತಿತ್ತು. ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದೆ. ನನ್ನ ಇಡೀ ಡ್ರೈವರಿಕೆಯಲ್ಲಿ ಬುದ್ಧಿವಂತಿಕೆಯ ಕೆಲಸ ಎಂದರೆ ಅದೊಂದೇ.

ಅಕ್ಕ ಕಿಟಕಿಯಲ್ಲಿ ಬಗ್ಗಿ ನೋಡಿದಳು. "ಸಾಯಂಕಾಲ ಬತ್ತೀಯ ತಾನೆ? ನಾನು ಮನೆಗೋಗಿ ಹಸಾ ಕರೀಬೇಕು ಕಣಪ್ಪ."

"ಬತ್ತೀನಿ ಕಣಕ್ಕ" ಎಂದೆ. ತಮಾಷೆ ಏನೂ ಹೊಳೆಯಲಿಲ್ಲ.

ಒಂದು ಗೂಡ್ಸ್ ಆಟೋಗೆ ಹಗ್ಗ ಕಟ್ಟಿ ಎಳೆಸಿಕೊಂಡು ಶೆಡ್ಡಿಗೆ ಬಂದೆ. ಮೇಸ್ತ್ರಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಲೇ ಇಲ್ಲ.

"ಸ್ಟಾರ್ಟ್ ಮಾಡ್ಲಾ ಅಣ್ಣ?"

"ಮಾಡುದ್ರೆ ಕೈ ಮುರೀತೀನಿ. ಆಯಿಲ್ ಏರ್ದೆ ಇನ್ನೊಂದು ಗಳಿಗೆ ಓಡುದ್ರೂ ಬೇರಿಂಗ್ ಹೊರಟೋಯ್ತದೆ. ಆಮೇಲೆ ಕ್ರ್ಯಾಂಕು. ಆಮೇಲೆ ಇಂಜಿನ್ನ ಗುಜರಿಗೆ ಹಾಕದೆಯ. ನೀನೇ ಮಾಡು ಸವುಂಡು. ಆಟ ಆಡ್ಬೇಡ. ಎಂಗಿತ್ತೋ ಅಂಗೆ."

ಶೆಡ್ಡಿನಲ್ಲಿ ನಾವಿಬ್ಬರೇ. ನೋಡುವವರಿಲ್ಲ, ನಗುವವರಿಲ್ಲ. ವ್ಯಾನಿನ ಬಾನೆಟ್ಟಿನ ಮುಂದೆ ನಿಂತು ಕಣ್ಣು ಮುಚ್ಚಿದೆ. ಮೊದಲು ಟಿಕ್ ಟಿಕ್, ತಾಳವಿಲ್ಲದೆ. ಆಮೇಲೆ ತುಟಿ ಮುಚ್ಚಿ, ಎದೆಯಿಂದ, ಆ ಗುದ್ದು: ಡುಕ್... ಡುಕ್... ಡುಕ್. ಮೇಸ್ತ್ರಿ ಡಾಕ್ಟರರ ಹಾಗೆ ಕೇಳುತ್ತ ಹೋದರು. ತಣ್ಣಗಿದ್ದಾಗಲೂ ಬತ್ತಿತ್ತಾ? ಬಿಸಿಯಾದ ಮೇಲೆ ಜಾಸ್ತಿಯಾ? ರೇಸ್ ಕೊಟ್ರೆ? ಪ್ರತಿ ಪ್ರಶ್ನೆಗೂ ಮಾಡಿ ತೋರಿಸಿದೆ. ನನ್ನ ಜೀವನದಲ್ಲೇ ಅಷ್ಟು ಚೆನ್ನಾಗಿ ಅನುಕರಣೆ ಮಾಡಿದವನಲ್ಲ. ಅಷ್ಟು ಕೆಟ್ಟ ಪ್ರತಿಕ್ರಿಯೆ ಸಿಕ್ಕಿದ್ದೂ ಇಲ್ಲ.

"ಈ ಡುಕ್ ಡುಕ್ಕನ್ನ ಬುದವಾರ ಯಾಕ್ಲಾ ಮಾಡ್ನಿಲ್ಲ?"

"ಯಾರೂ ನಗ್ತಿರ್ನಿಲ್ಲ ಅಣ್ಣ."

ಅವರು ಗೋಣಿತಾಟು ಹಾಸಿ, ವ್ಯಾನಿನಡಿ ಮಲಗಿದರು.

ಚೇಂಬರ್ ಕೆಳಗಿಳಿಯಿತು. ಆಯಿಲ್ ಪಂಪು ಅದರೊಳಗೇ ಇರುತ್ತದೆ. ಕೆಳಗಿನ ಆಯಿಲನ್ನು ಹೀರಿ ಇಂಜಿನ್ನಿನ ಮೂಲೆಮೂಲೆಗೂ ದೂಡುವುದು ಅದರ ಕೆಲಸ. ಹೀರುವ ಬಾಯಿಗೆ ಒಂದು ಜಾಲರಿ, ನಾವು ಟೀ ಸೋಸುವಂಥದ್ದು. ಆ ಜಾಲರಿಯ ತುಂಬ ಬೂದು ಬಣ್ಣದ ಎಳೆಗಳು, ಬೆಂದು ತಣ್ಣಗಾದ ಶ್ಯಾವಿಗೆಯ ಹಾಗೆ ಮೆತ್ತಿಕೊಂಡಿದ್ದವು. ನಾನು ಬಳಿದಿದ್ದ ಪೇಸ್ಟು. ಅಂಚಿನಿಂದ ಒಳಕ್ಕೆ ಉಬ್ಬಿ, ಕಳಚಿ, ಪಂಪಿನ ಬಾಯಿಗೆ ಅಡರಿತ್ತು. ಗುಟುಕು ಸಿಗದೆ ಒಣಗಿ ತಿರುಗಿದ ಪಂಪು ಒಳಗೇ ತೇದುಹೋಗಿತ್ತು.

"ಚೇಂಬರ್ ಯಾರು ಬಿಚ್ಚಿದ್ದು?"

ಆಗಲೇ ನಾನು ಆ ಸುಳ್ಳು ಮೆಕ್ಯಾನಿಕ್ಕನನ್ನು ಹೆತ್ತಿದ್ದು. "ಬನ್ನೂರಲ್ಲಿ ಒಬ್ಬ ಅಣ್ಣ. ವ್ಯಾನು ಅಲ್ಲಿ ಕೆಟ್ಟಿತ್ತು." ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಬನ್ನೂರಿನವನಿಗೆ ಒಂದು ಗೊಗ್ಗರು ಧ್ವನಿ ಕೊಟ್ಟೆ, ಬಾಯಲ್ಲಿ ಎಲೆಅಡಿಕೆ ತುಂಬಿದೆ: "ಪೇಸ್ಟು ಬಾರಿ ಹಾಕಿವ್ನಿ ಕನಣ್ಣ, ಹನಿ ತೊಟ್ಟಿಕ್ಕುದ್ರೆ ನನ್ನ ಕೇಳು, ಅಂದ." ಪಾತ್ರ ಚೆನ್ನಾಗಿಯೇ ಬಂತು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನ ಅಂಗಿಯ ತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಅಲ್ಲಿ ಎರಡು ತಿಂಗಳಿಂದ ಯಾವ ಸೋಪಿಗೂ ಬಗ್ಗದ ಬೂದು ಕಲೆಯೊಂದಿತ್ತು. "ಬನ್ನೂರೋನು ನಿನ್ನ ಅಂಗಿ ಇಸ್ಕೊಂಡು ಕೆಲ್ಸ ಮಾಡುದ್ನಾ?"

ಬನ್ನೂರಿನವನು ಅಲ್ಲೇ ತೀರಿಕೊಂಡ.

ಇನ್ನು ಉಳಿದ ಪ್ರಶ್ನೆ ಕ್ರ್ಯಾಂಕಿನದು, ಬೇರಿಂಗುಗಳ ನಡುವೆ ತಿರುಗುವ ಇಂಜಿನ್ನಿನ ಬೆನ್ನೆಲುಬು ಅದು. ಅದು ಗೀರಿದ್ದರೆ ಇಂಜಿನ್ ಇಡೀ ಇಳಿಸಬೇಕು, ವಾರಗಟ್ಟಲೆ ಕೆಲಸ. ಸಾಹೇಬರ ಬೇರೆ ವ್ಯಾನು ನಾಳೆಯೇ ನಮ್ಮ ದಾರಿಗೆ ಬರುತ್ತದೆ. ಮೇಸ್ತ್ರಿ ಒಂದು ಬೇರಿಂಗ್ ಬಿಚ್ಚಿದರು. ಬೇರಿಂಗಿನ ಮೇಲೆ ಸಣ್ಣ ಸಣ್ಣ ಗೀರುಗಳು. ಆಮೇಲೆ ಕ್ರ್ಯಾಂಕನ್ನು ಬಟ್ಟೆಯಲ್ಲಿ ಒರೆಸಿ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ನಿಧಾನ ಎಳೆದರು. ಉಗುರು ಸಿಕ್ಕಿಕೊಂಡರೆ ಕತೆ ಮುಗಿದಂತೆ. ನಾನು ನೆಲದ ಮೇಲೆ ಕೆನ್ನೆ ಒತ್ತಿ ನೋಡುತ್ತಿದ್ದೆ. ಒಂದು ಸಲ ಎಳೆದರು. ಇನ್ನೊಂದು ಸಲ.

"ಸಿಗಾಕ್ತಿಲ್ಲ. ಅಪ್ಪನ ಪುಣ್ಯ, ನಿಂದಲ್ಲ. ಮಿಕ್ಕಿದ್ನೂ ಬಿಚ್ಚಿ ನೋಡ್ತೀನಿ, ನೀನು ಬಸ್ಟ್ಯಾಂಡಿಗೋಗು."

ಮೇಸ್ತ್ರಿ ಫೋನ್ ಮಾಡಿ ತರಿಸಿದ ಹೊಸ ಪಂಪು, ಜಾಲರಿ, ಬೇರಿಂಗುಗಳು ಮೈಸೂರಿನಿಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬಂದವು. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗಲೆಲ್ಲ ಓಡಿಹೋದೆ, ನಾಲ್ಕನೆಯದರಲ್ಲಿ ಆ ಡಬ್ಬಿ ಸಿಕ್ಕಿತು. ವಾಪಸು ಬರುವಷ್ಟರಲ್ಲಿ ಮೇಸ್ತ್ರಿ ಚೇಂಬರಿನ ಅಂಚನ್ನು ಕೆರೆದು ಕನ್ನಡಿಯಂತೆ ಮಾಡಿದ್ದರು. ಹೊಸ ಪಂಪನ್ನು ಕೂರಿಸುವ ಮೊದಲು ಅದರ ಹೊಟ್ಟೆಗೆ ಆಯಿಲ್ ಸುರಿದು ಕೈಯಲ್ಲಿ ತಿರುಗಿಸಿದರು. "ಬರೀ ಹೊಟ್ಟೇಲಿ ಕೂರ್ಸುದ್ರೆ ಗಾಳಿ ಹೀರ್ತದೆ. ಮೊದ್ಲು ಕುಡುಸ್ಬೇಕು, ನೋಡ್ಕೋ." ನಾನು ನೋಡಿಕೊಂಡೆ. ಪೇಸ್ಟಿನ ಟ್ಯೂಬನ್ನು ನನ್ನ ಕೈಗೇ ಕೊಟ್ಟು, ಕೂದಲಿನಷ್ಟು ಗೆರೆ ಎಳೆಸಿದರು. ಸ್ವಲ್ಪ ದಪ್ಪವಾದಾಗ ಮೊಣಕೈಗೆ ಸ್ಪ್ಯಾನರಿನಿಂದ ತಟ್ಟಿದರು.

ಐದು ಗಂಟೆ ಹೊಡೆದಿತ್ತು. ಮೊದಲು ಆಯಿಲ್ ಎಲ್ಲ ಕಡೆ ಏರಲಿ ಎಂದು ಡೀಸೆಲ್ ಹೋಗದಂತೆ ಒಂದು ವೈರು ಕಿತ್ತು, "ತಿರ್ಗ್ಸು" ಎಂದರು. ಇಂಜಿನ್ ಹೊತ್ತಿಕೊಳ್ಳದೆ ಬರಿದೇ ಸುತ್ತಿತು. ದೀಪ ಕೆಂಪಗೆ ಉರಿಯುತ್ತಲೇ ಇತ್ತು. ನಿಲ್ಲಿಸಿದೆ. ಮತ್ತೆ ತಿರುಗಿಸಿದೆ. ಕೆಂಪು. ಮೂರನೆಯ ಸಲ. ಕೆಂಪೇ. ನಾಲ್ಕನೆಯ ಸಲ ಸುತ್ತುತ್ತಿದ್ದ ಹಾಗೆಯೇ ದೀಪ ಪಟ್ಟನೆ ಆರಿತು. ಮೇಸ್ತ್ರಿ ವೈರು ಸಿಕ್ಕಿಸಿ ಸ್ಟಾರ್ಟ್ ಮಾಡಿಸಿದರು, ಸ್ಕ್ರೂಡ್ರೈವರನ್ನು ಇಂಜಿನ್ನಿಗೂ ಕಿವಿಗೂ ಇಟ್ಟು ಬಹಳ ಹೊತ್ತು ನಿಂತರು. ಆಮೇಲೆ ಏನೂ ಹೇಳದೆ ಕೈ ತೊಳೆಯಲು ಹೋದರು. ಅವರು ಸುಮ್ಮನಾದರೆ ಪಾಸು ಎಂದು ಅರ್ಥ.

ಅಷ್ಟರಲ್ಲಿ ಅಪ್ಪನ ಫೋನು. ಬೆಳಗ್ಗೆಯಿಂದ ಆರನೆಯದು. ಐದಕ್ಕೆ ಉತ್ತರಿಸಿರಲಿಲ್ಲ, ವ್ಯಾನು ಶೆಡ್ಡಿನಲ್ಲಿದೆ ಎಂದು ಮೆಸೇಜ್ ಮಾತ್ರ ಹಾಕಿದ್ದೆ. "ಏನಂದ್ರು ಮೇಸ್ತ್ರಿ?"

"ಜಾಲರಿ ಕಟ್ಕಂಡಿತ್ತು ಕಣಣ್ಣೋ, ಪಂಪು ತೇದೋಗಿತ್ತು" ಎಂದು ಶುರು ಮಾಡಿದೆ, ಮೇಸ್ತ್ರಿಯ ಧ್ವನಿಯಲ್ಲೇ.

"ಲೇ. ನಾನು ನಿನ್ನ ಕೇಳ್ತಾ ಇರಾದು."

ಚೇಂಬರ್ ಬಿಚ್ಚಿದ್ದು ನಾನು, ಪೇಸ್ಟು ಬಳಿದದ್ದು ನಾನು, ಮೇಸ್ತ್ರಿ ಮಾಡಿದರೆಂದು ನೀವು ತಿಳಿದುಕೊಂಡಾಗ ಸುಮ್ಮನಿದ್ದದ್ದೂ ನಾನು ಎಂದೆ. ಬೈಗುಳಕ್ಕೆ ಕಾದೆ. ಬೈದಿದ್ದರೆ ಸಲೀಸಾಗಿರುತ್ತಿತ್ತು.

"ಇಂಜಿನ್ ಉಳ್ಕೊಂತಾ?"

"ಉಳ್ಕೊಂತು ಅಪ್ಪ."

"ಅವ್ರು ಕಾಯ್ತಿರ್ತಾರೆ, ಕರ್ಕೊಂಡ್ ಬಾ. ಆಮೇಲೆ ಮಾತಾಡವ."

ಆ 'ಆಮೇಲೆ ಮಾತಾಡವ' ಇದೆಯಲ್ಲ, ಅದನ್ನು ಅಪ್ಪನ ಗಂಟಲಿನಲ್ಲಿ ಆಡಿ ನೋಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಫೋನು ಜೇಬಿಗಿಟ್ಟು ಗೇರ್ ಹಾಕಿದೆ. ಐದೂವರೆಗೆ ಇನ್ನೂ ಏಳು ನಿಮಿಷ ಇತ್ತು.