ಸದರ್ ಗಲ್ಲಿಯ ವೀರಗಲ್ಲು

ವಿಡಿಯೋ ಗೇಮಿನಲ್ಲಿ ನಾನು ಜೀವಂತವಾಗಿ ಉಳಿದ ಅತಿ ದೀರ್ಘ ಅವಧಿ ಹನ್ನೊಂದು ಸೆಕೆಂಡು. ಇದು ನನ್ನ ಅಂದಾಜಲ್ಲ, ಮಗಳು ಮೇಧಾ ಮೊಬೈಲಿನಲ್ಲಿ ಗಡಿಯಾರ ಹಿಡಿದು ಅಳೆದದ್ದು. ಅದರಲ್ಲಿ ಮೊದಲ ಆರು ಸೆಕೆಂಡು ಯಾವ ಗುಂಡಿ ಒತ್ತಬೇಕೆಂದು ಕೇಳುವುದರಲ್ಲಿ ಹೋಯಿತು. ಉಳಿದ ಐದರಲ್ಲಿ ನಾನು ಯಾರು, ಶತ್ರು ಯಾರು ಎಂಬುದು ತಿಳಿಯುವ ಮೊದಲೇ ಪರದೆಯ ಮೇಲೆ ನನ್ನ ಕಥೆ ಮುಗಿದಿತ್ತು. ಇಂಥ ನಾನು ವಿಡಿಯೋ ಗೇಮುಗಳ ಇತಿಹಾಸದ ಸಾಕ್ಷ್ಯಚಿತ್ರವೊಂದರಲ್ಲಿ ತಜ್ಞನಾಗಿ ಕಾಣಿಸಿಕೊಂಡಿದ್ದೇನೆ ಎಂದರೆ ನೀವು ನಗುತ್ತೀರಿ. ಧಾರಾಳವಾಗಿ ನಗಿ. ನಾಗಪುರದ ಒಂದು ಸಭಾಂಗಣದ ತುಂಬ ಜನ ಆಗಲೇ ನಕ್ಕಾಗಿದೆ.

ನನ್ನ ಕಸುಬು ಕಲ್ಲು ಓದುವುದು. ಹಳೆಯ ಶಾಸನಗಳನ್ನು ಹುಡುಕಿ, ತೊಳೆದು, ಒದ್ದೆ ಕಾಗದ ಹಚ್ಚಿ ಅಚ್ಚು ತೆಗೆದು, ಅದರಲ್ಲಿ ಏನು ಬರೆದಿದೆಯೆಂದು ಹೇಳುವ ಸರಕಾರಿ ನೌಕರಿ. ಗದಗಿನ ಕಡೆಯವನಾದ ನನ್ನನ್ನು ಆ ನೌಕರಿಯೇ ನಾಗಪುರಕ್ಕೆ ತಂದು ಹಾಕಿತು. ಕಲ್ಲಿನ ದೊಡ್ಡ ಗುಣವೆಂದರೆ ಅದು ನಡುವೆ ಬಾಯಿ ಹಾಕುವುದಿಲ್ಲ. ನೀವು ತಪ್ಪು ಓದಿದರೂ ಮರ್ಯಾದೆಯಿಂದ ಸುಮ್ಮನಿರುತ್ತದೆ. ಮನೆಯಲ್ಲಿ ನನಗೆ ಈ ಸೌಲಭ್ಯವಿಲ್ಲ.

ಮೇಧಾ ಇಲ್ಲಿಯೇ ಹುಟ್ಟಿದವಳು, ಈಗ ಒಂಬತ್ತನೇ ತರಗತಿ. ಮನೆಯೊಳಗೆ ಗದಗಿನ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕನ್ನಡ ಓದು ಮಾತ್ರ ಅಷ್ಟಕ್ಕಷ್ಟೆ. ನಾನು ಸವೆದ ಶಾಸನ ಓದುವ ಹಾಗೆ ಒಂದೊಂದು ಅಕ್ಷರಕ್ಕೂ ನಿಂತು, ಅನುಮಾನಿಸಿ ಮುಂದೆ ಹೋಗುತ್ತಾಳೆ. ಅವಳಿಗೆ ಏಳು ವರ್ಷವಿದ್ದಾಗ ಒಮ್ಮೆ ಕೆಲಸದ ಮೇಲೆ ಕರೆದುಕೊಂಡು ಹೋಗಿದ್ದೆ. ಮೂರು ತಾಸು ಇಬ್ಬರೂ ಒಂದೇ ಕಲ್ಲಿನ ಮುಂದೆ ಕೂತಿದ್ದೆವು. ಸಂಜೆ ಮನೆಗೆ ಬಂದವಳು ತಾಯಿಗೆ, "ಮಮ್ಮಿ, ಪಪ್ಪಾನ ಕಲ್ಲಿಗೆ ಏನೂ ಬರಂಗಿಲ್ಲ" ಎಂದು ವರದಿ ಒಪ್ಪಿಸಿದಳು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ನನಗೆ ಜೀವನದಲ್ಲಿ ದೊಡ್ಡ ಆಸೆಗಳಿಲ್ಲ. ಇವಳು ಇನ್ನೊಮ್ಮೆ ನನ್ನ ಜೊತೆ ಕಲ್ಲು ನೋಡಲು ಬರಬೇಕು ಎಂಬುದೊಂದು ಮಾತ್ರ ಏಳು ವರ್ಷದಿಂದ ಮನಸ್ಸಿನಲ್ಲಿ ಕೂತಿತ್ತು. ಹೇಳಿಕೊಂಡಿರಲಿಲ್ಲ, ಅಷ್ಟೆ.

ಹೀಗಿರುವಾಗ ಊರಿನ ಶಾಲೆಗಳೆಲ್ಲ ಸೇರುವ ಇತಿಹಾಸ ಸ್ಪರ್ಧೆ ಬಂತು. ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು, ವಿಷಯ ಮಕ್ಕಳದೇ. ಮೇಧಾ ಮತ್ತು ಅವಳ ಗೆಳತಿ ಸಾಯಲಿ ಒಂದು ತಂಡ. ಇನ್ನೇನು ಬಂದು ನನ್ನನ್ನು ಕೇಳುತ್ತಾರೆ ಎಂದು ನಾನು ಈ ಸೀಮೆಯನ್ನಾಳಿದ ವಾಕಾಟಕರನ್ನೂ ಭೋಸಲೆಯವರನ್ನೂ ಸಾಲಾಗಿ ನಿಲ್ಲಿಸಿಕೊಂಡು ಕಾದೆ. ಅವರು ಆರಿಸಿದ್ದು ವಿಡಿಯೋ ಗೇಮು.

"ಅದು ಇತಿಹಾಸ ಹ್ಯಾಂಗಾದೀತು?" ಎಂದೆ.

"ಎಷ್ಟು ವರ್ಷ ಹಳೇದಾದ್ರ ಇತಿಹಾಸ ಆಗತೈತಿ ಪಪ್ಪಾ?" ಎಂದಳು ಮೇಧಾ.

"ಒಂದೈನೂರಾದ್ರೂ ಆಗಬೇಕು."

"ಅಂದ್ರ ನಮ್ಮ ಮದುವಿ ಇನ್ನೂ ಲೆಕ್ಕಕ್ಕ ಬಂದಿಲ್ಲ" ಎಂದು ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು.

ಸ್ಪರ್ಧೆಯ ನಿಯಮ ಕಟ್ಟುನಿಟ್ಟು. ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಅಂಟಿಸಿದರೆ ಆಗದು, ಮೂಲ ಆಧಾರ ಬೇಕು. ಹುಡುಗಿಯರು ಹುಡುಕಿಕೊಂಡು ಊರೊಳಗಿನ ಸದರ್ ಬಡಾವಣೆಯಲ್ಲಿ ಫ್ರಾನ್ಸಿಸ್ ಅಂಕಲ್ ಎಂಬವರನ್ನು ಹಿಡಿದರು. ಈಗ ಅವರದು ಮೊಬೈಲಿನ ಕವರು, ಚಾರ್ಜರು ಮಾರುವ ಸಣ್ಣ ಅಂಗಡಿ. ಅದೇ ಜಾಗದಲ್ಲಿ ಮೊದಲು ಗೇಮ್ ಪಾರ್ಲರ್ ನಡೆಸುತ್ತಿದ್ದರಂತೆ. ನಾಲ್ಕು ಯಂತ್ರಗಳಿದ್ದವು, ಮೂರು ಗುಜರಿಗೆ ಹೋದವು, ಒಂದನ್ನು ಕೊಡಲು ಮನಸ್ಸಾಗದೆ ಊರ ಹೊರಗಿನ ವಾಡಿಯಲ್ಲಿ ಭಾವಮೈದುನನ ಗೋದಾಮಿನಲ್ಲಿ ಇಟ್ಟಿದ್ದರು.

ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದಾಗ ಮೇಧಾಳ ಫೋನು ಬಂತು. ಅವರು ಗೋದಾಮಿನಲ್ಲಿದ್ದರು. "ಪಪ್ಪಾ, ಇದು ಚಾಲೂ ಆಗವಲ್ತು. ಆದ್ರ ಪರದೆ ಗಾಜಿನ ಮ್ಯಾಲೆ ಏನೋ ಬರದಂಗ ಕಾಣತೈತಿ, ಓದಾಕ ಬರವಲ್ತು. ನಿಮ್ಮ ಬ್ರಶ್ ತೊಗೊಂಡು ಜಲ್ದಿ ಬರ್ರಿ."

ನಿಮ್ಮ ಬ್ರಶ್ ತೆಗೆದುಕೊಂಡು ಬನ್ನಿ! ಈ ಮಾತನ್ನು ನಾನು ಕೇಳುವ ಕಾಲ ಬಂತಲ್ಲ ಎಂದು ಎದೆ ಉಬ್ಬಿತು. ಬ್ರಶ್ಶು, ಬಕೀಟು, ಅಚ್ಚಿನ ಕಾಗದ, ಟಾರ್ಚು, ಭೂತಗನ್ನಡಿ ಎಲ್ಲವನ್ನೂ ಸ್ಕೂಟರಿಗೆ ಏರಿಸಿದೆ. "ಅದು ಗಾಜು ಐತಿ, ಬಂಡೆಗಲ್ಲಲ್ಲ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ನೆನಪಿಸಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲಾರಿಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರೆ, ಟಯರುಗಳ ಹಿಂದೆ ಕಪಾಟಿನಷ್ಟು ಎತ್ತರದ ಯಂತ್ರ. ನಡುವೆ ಟೀವಿಯಂಥ ದಪ್ಪ ಗಾಜು. ಸತ್ತುಹೋಗಿತ್ತು. ಬಕೀಟಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದೆ. ಸವೆದ ಕಲ್ಲಿಗೂ ನಾವು ಹೀಗೆಯೇ ಬೆಳಕು ಹಿಡಿಯುವುದು. ನೇರ ಬೆಳಕಿಗೆ ಮುಚ್ಚಿಕೊಳ್ಳುವ ಅಕ್ಷರ ಓರೆ ಬೆಳಕಿಗೆ ಬಾಯಿ ಬಿಡುತ್ತದೆ. ಗಾಜಿನ ಮೇಲೆ ಕಂದು ಗೆರೆಗಳು ಮೂಡಿದವು. ಹಳೆಯ ಪರದೆಗಳ ಮೇಲೆ ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಅದು ಅಲ್ಲಿಯೇ ಸುಟ್ಟು ಅಂಟಿಕೊಳ್ಳುತ್ತದಂತೆ, ಯಂತ್ರ ಸತ್ತ ಮೇಲೂ ಅಳಿಯುವುದಿಲ್ಲವಂತೆ. ಮೇಲಿಂದ ಕೆಳಗೆ ಹತ್ತು ಸಾಲು. ಪ್ರತಿ ಸಾಲಿನಲ್ಲಿ ಮೂರು ಇಂಗ್ಲಿಷ್ ಅಕ್ಷರ, ಮುಂದೆ ಅಂಕಿ. ಅತಿ ಹೆಚ್ಚು ಅಂಕ ಗಳಿಸಿದವರ ಪಟ್ಟಿ! ಮೊದಲ ಸಾಲು ಸ್ಪಷ್ಟವಾಗಿತ್ತು: ಕೆ.ಎಂ.ಟಿ.

ನನಗೆ ಮೈ ಜುಮ್ಮೆಂದಿತು. ನಮ್ಮ ಕಡೆ ಊರ ಮುಂದೆ ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಕೆಳಗಿನ ಪಟ್ಟಿಯಲ್ಲಿ ವೀರ ದನಗಳ್ಳರ ಜೊತೆ ಹೊಡೆದಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಶಿವನ ಮುಂದೆ ಆರಾಮಾಗಿ ಕೂತಿರುತ್ತಾನೆ. ಗೇಮಿನಲ್ಲಿಯೂ ಅದೇ ವ್ಯವಸ್ಥೆ. ಕೆಳಗೆ ಕಾದಾಟ, ಸತ್ತ ಮೇಲೆ ಮೇಲೆ ಹೆಸರು. ವ್ಯತ್ಯಾಸವೆಂದರೆ ಗೇಮಿನ ವೀರನಿಗೆ ಮೂರು ಜೀವ, ನಮ್ಮವನಿಗೆ ಪಾಪ ಒಂದೇ.

ಮೇಧಾ ಕ್ಯಾಮೆರಾ ಹಿಡಿದಳು. ನಾನು ಯಂತ್ರದ ಪಕ್ಕ ನಿಂತು, ಕೂದಲು ತೀಡಿಕೊಂಡು, ಇದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಗಳು ಕಣ್ಣರಳಿಸಿ ಕೇಳುತ್ತಿದ್ದಳು, ಮಾತು ಹರಿಯತೊಡಗಿತು. ನಮ್ಮ ಜನ ಹೆಸರಿನ ಹಿಂದೆ ಊರು ಕಟ್ಟಿಕೊಳ್ಳುವುದು ರೂಢಿ, ಆದ್ದರಿಂದ ಕೆ.ಎಂ.ಟಿ. ಎಂದರೆ ಹತ್ತಿರದ ಕಾಮಠಿ ಊರು ಎಂದೆ. ಅಲ್ಲಿ ಸೈನ್ಯದ ದಂಡು ಇದೆ, ಆದ್ದರಿಂದ ಇವನು ಸೈನಿಕ ಎಂದೆ. ಗುರಿಯಿಟ್ಟು ಹೊಡೆಯುವುದರಲ್ಲಿ ತರಬೇತಿ ಪಡೆದವನಿಗೆ ಪಟ್ಟಿಯಲ್ಲಿ ಮೊದಲ ಸ್ಥಾನ ಸಹಜವೆಂದೆ. ಮೂರು ಅಕ್ಷರದಿಂದ ಒಬ್ಬ ಮನುಷ್ಯನನ್ನು ಎಬ್ಬಿಸಿ, ಸಮವಸ್ತ್ರ ತೊಡಿಸಿ, ಬಂದೂಕು ಕೊಟ್ಟು ನಿಲ್ಲಿಸಿದೆ. ಇಷ್ಟೂ ಹೊತ್ತು ಫ್ರಾನ್ಸಿಸ್ ಅಂಕಲ್ ಒಂದು ಟಯರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನನ್ನ ಮಾತು ಮುಗಿದಾಗ "ವಾಹ್ ಸಾಬ್, ವಾಹ್" ಎಂದರು. ಅದನ್ನು ನಾನು ವಿದ್ವತ್ತಿಗೆ ಸಂದ ಗೌರವವೆಂದು ಸ್ವೀಕರಿಸಿದೆ.

ಮುಂದಿನ ಎರಡು ವಾರ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಮೇಧಾ ಶಾಲೆಯಿಂದ ಬಂದವಳೇ ಲ್ಯಾಪ್‌ಟಾಪು ತಂದು ನನ್ನ ಪಕ್ಕ ಕೂರುವಳು. ಶಾಸನದ ಕಾಲ ಹೇಗೆ ಹೇಳುತ್ತೀರಿ, ಎರಡು ಕಲ್ಲು ಎರಡು ಥರ ಹೇಳಿದರೆ ಯಾವುದನ್ನು ನಂಬುತ್ತೀರಿ ಎಂದು ಕೇಳುವಳು. ಏಳು ವರ್ಷ ಕೇಳದೆ ಇದ್ದ ಪ್ರಶ್ನೆಗಳೆಲ್ಲ ಒಟ್ಟಿಗೆ ಬಂದಿದ್ದವು. ನಾನು ಊಟ ತಣ್ಣಗಾಗುವವರೆಗೂ ಉತ್ತರಿಸುತ್ತಿದ್ದೆ.

ಚಿತ್ರ ಕೊಡಲು ಒಂದು ವಾರ ಇದ್ದಾಗ ಸಾಯಲಿ ಮನೆಗೆ ಬಂದಳು. ಆಧಾರಗಳ ಪಟ್ಟಿ ಅವಳ ಪಾಲಿನ ಕೆಲಸ. ಬಹಳ ಸಂಕೋಚದ ಹುಡುಗಿ. "ಕಾಕಾ, ಸಿಟ್ಟಾಗಬೇಡಿ" ಎಂದು ಹಿಂದಿಯಲ್ಲಿ ಹೇಳಿ ಮೊಬೈಲು ಮುಂದೆ ಹಿಡಿದಳು. ಸಮುದ್ರದಾಚೆಯ ಯಾವುದೋ ದೇಶದಲ್ಲಿ, ಅದೇ ಗೇಮಿನ ಇನ್ನೊಂದು ಯಂತ್ರದ ಫೋಟೋ. ಪರದೆಯ ಮೇಲೆ ಹತ್ತು ಸಾಲು. ಮೊದಲನೆಯದು ಕೆ.ಎಂ.ಟಿ. ಕೆಳಗಿನ ಒಂಬತ್ತೂ ಅವೇ, ಅಂಕಿ ಸಹಿತ. ಯಂತ್ರ ತಯಾರಿಸಿದವರು ಪಟ್ಟಿ ಖಾಲಿ ಕಾಣಬಾರದೆಂದು ಕಾರ್ಖಾನೆಯಲ್ಲೇ ತುಂಬಿಸಿ ಕಳಿಸುತ್ತಿದ್ದ ಹೆಸರುಗಳು. ನನ್ನ ಕಾಮಠಿಯ ಸೈನಿಕ ಲೋಕದ ಎಲ್ಲ ಗಲ್ಲಿಗಳಲ್ಲೂ ಏಕಕಾಲಕ್ಕೆ ಗೆದ್ದಿದ್ದ.

ನಾಚಿಕೆಯಾಯಿತು. ಗೊತ್ತಿಲ್ಲದವನು ಹೀಗೆ ತಪ್ಪಿದ್ದರೆ ಬೇರೆ. ಶಾಸನಗಳಲ್ಲಿ ಹೊಗಳಿಕೆಯ ಸಾಲುಗಳು ಸಿದ್ಧ ಅಚ್ಚಿನವು. ನಾಲ್ಕು ಹಳ್ಳಿಯ ಒಡೆಯನೂ ಕಲ್ಲಿನ ಮೇಲೆ ಭೂಮಂಡಲದ ಒಡೆಯನೇ. ಒಂದು ಸಾಲನ್ನು ನಿಜವೆಂದು ಹಿಡಿಯುವ ಮುನ್ನ ಅದು ಬೇರೆ ಕಲ್ಲಿನ ಮೇಲೂ ಇದೆಯೋ ನೋಡಿ ಎಂದು ಹೊಸಬರನ್ನು ಗದರಿಸಿಯೇ ನಾನು ಅರ್ಧ ನೌಕರಿ ಕಳೆದವನು.

ಮೂವರೂ ಸದರಿಗೆ ಹೋದೆವು. ಮೇಧಾ ಕ್ಯಾಮೆರಾ ಚಾಲೂ ಇಟ್ಟುಕೊಂಡೇ ಅಂಗಡಿ ಹೊಕ್ಕಳು. ಫ್ರಾನ್ಸಿಸ್ ಅಂಕಲ್ ಯಾರದೋ ಮೊಬೈಲಿಗೆ ಗಾಜು ಅಂಟಿಸುತ್ತ, ತಲೆ ಎತ್ತದೆ, "ಹೌದು, ಆ ಹೆಸರು ಕಂಪನಿಯವರದ್ದು. ಆಗ ಬೇಸಿಗೆಯಲ್ಲಿ ದಿನಾ ಕರೆಂಟು ಹೋಗೋದು. ಹೋದರೆ ನಮ್ಮ ಹುಡುಗರ ಹೆಸರೆಲ್ಲ ಸಾಫ್. ಬಂದಾಗ ಮತ್ತೆ ಅವೇ ಹತ್ತು" ಎಂದರು ಹಿಂದಿಯಲ್ಲಿ.

"ಮತ್ತೆ ಅವತ್ತು ಹೇಳಲಿಲ್ಲವಲ್ಲ?" ಎಂದೆ.

"ಸಾಬ್, ನೀವು ಕೇಳಲೇ ಇಲ್ಲ. ಗಾಜಿನ ಜೊತೆ ಮಾತಾಡ್ತಿದ್ದಿರಿ. ಚೆನ್ನಾಗಿ ಮಾತಾಡ್ತಿದ್ದಿರಿ, ನಡುವೆ ಯಾಕೆ ಬಾಯಿ ಹಾಕಲಿ?"

ಮೇಧಾ ನನ್ನ ಮುಖ ನೋಡಲಿಲ್ಲ. ಕ್ಯಾಮೆರಾವನ್ನು ಅವರ ಇನ್ನಷ್ಟು ಹತ್ತಿರ ಹಿಡಿದು, "ಅಂಕಲ್, ಹಾಗಾದರೆ ಅಳಿಸಿಹೋದವರು ಯಾರು?" ಎಂದು ಕೇಳಿದಳು. ಅವರು ಕೈಯಲ್ಲಿದ್ದ ಗಾಜು ಕೆಳಗಿಟ್ಟರು. ರೈಲ್ವೆ ಗಾರ್ಡ್ ಸಾಹೇಬರ ಮಗಳು ರೋಸಿ ಎಡಗೈಯಲ್ಲಿ ಆಡುತ್ತಿದ್ದಳು. ಕಿತ್ತಳೆ ಬಂಡಿಯ ಸಲೀಂ ಸಿಪ್ಪೆ ಬಿಡಿಸಿದ ಕೈಯಲ್ಲೇ ಆಡಿ ಗುಂಡಿಗಳೆಲ್ಲ ಅಂಟಂಟು ಮಾಡುತ್ತಿದ್ದ. ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದ ಒಬ್ಬರ ಬೆರಳಿನ ವೇಗಕ್ಕೆ ಎದುರೇ ಇರಲಿಲ್ಲ. ಒಬ್ಬೊಬ್ಬರೂ ಹೇಗೆ ನಿಲ್ಲುತ್ತಿದ್ದರೆಂದು ಎದ್ದು ನಿಂತು ಮಾಡಿ ತೋರಿಸಿದರು. ಕಾಮಠಿಯಿಂದಲೂ ಒಬ್ಬ ಹವಾಲ್ದಾರ ಬರುತ್ತಿದ್ದನಂತೆ. ನಾನು ಆಸೆಯಿಂದ ಮುಂದೆ ಬಾಗಿದೆ. "ಬಹಳ ಒಳ್ಳೆ ಮನುಷ್ಯ. ಒಂದು ದಿನಾನೂ ಗೆಲ್ಲಲಿಲ್ಲ" ಎಂದರು.

ಮನೆಗೆ ಬಂದ ಮೇಲೆ ನಾನು ಮೇಧಾಗೆ ಹೇಳಿದೆ: "ನನ್ನ ಭಾಗ ತಗದು ಹಾಕಿಬಿಡವ್ವಾ." ಮಾನ ಹೋಗುತ್ತದೆಂಬ ಅಂಜಿಕೆ ಇತ್ತು, ನಿಜ. ಅದಕ್ಕಿಂತ ದೊಡ್ಡ ಅಂಜಿಕೆ ಬೇರೆ ಇತ್ತು. ಇನ್ನು ಇವಳು ಬ್ರಶ್ ತೊಗೊಂಡು ಬರ್ರಿ ಎಂದು ಯಾವತ್ತೂ ಕರೆಯಲಿಕ್ಕಿಲ್ಲ.

"ತಗ್ಯಾಂಗಿಲ್ಲ" ಎಂದಳು. "ನೀವು ತಪ್ಪಿದ್ದಕ್ಕ ನಾವು ಅಂಕಲ್‌ನ ಕೇಳಿದ್ವಿ. ಅದನ್ನ ತಗದ್ರ ಪಿಚ್ಚರ್‌ದಾಗ ಉಳಿಯೂದರ ಏನು?"

ಹಾಗೆ ನಾನು ಇಡಿಯಾಗಿ ಉಳಿದೆ. ಸಭಾಂಗಣದಲ್ಲಿ ನನ್ನ ಸೈನಿಕನ ವರ್ಣನೆ ಮುಗಿದ ಮರುಕ್ಷಣವೇ ಪರದೇಶದ ಫೋಟೋ ಬಂತು, ಅದರ ಹಿಂದೆ "ನೀವು ಕೇಳಲೇ ಇಲ್ಲ" ಎಂಬ ಫ್ರಾನ್ಸಿಸ್ ಅಂಕಲ್ಲರ ಮುಖ. ಜನ ಬಿದ್ದು ಬಿದ್ದು ನಕ್ಕರು. ನನ್ನ ಹೆಂಡತಿ ಎಲ್ಲರಿಗಿಂತ ಮೊದಲು ಶುರು ಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದಳು. ನಾನೂ ನಕ್ಕೆ, ತಡೆಯಲಾಗಲಿಲ್ಲ. ನಮ್ಮ ವೃತ್ತಿಯಲ್ಲಿ ತಪ್ಪನ್ನು ಒಪ್ಪಿಕೊಳ್ಳುವುದು ಪುಟದ ಕೆಳಗೆ, ಕನ್ನಡಕ ಬದಲಿಸಿ ಓದಬೇಕಾದ ಸಣ್ಣ ಅಕ್ಷರದಲ್ಲಿ. ನನ್ನದು ಗೋಡೆಯಷ್ಟು ಅಗಲವಾಗಿ ಕಾಣಿಸಿತು. ಹೇಳಿದರೆ ನಂಬುವುದಿಲ್ಲ, ಹಗುರವೆನಿಸಿತು.

ತೀರ್ಪುಗಾರರಲ್ಲಿ ಒಬ್ಬ ಹಿರಿಯ ಶಿಕ್ಷಕಿ ಇದ್ದರು. ತಪ್ಪಾದ ಭಾಗವನ್ನು ಯಾಕೆ ಉಳಿಸಿಕೊಂಡಿರಿ ಎಂದು ಕೇಳಿದರು. ಮೇಧಾ ಮರಾಠಿಯಲ್ಲಿ ಹೇಳಿದಳು: "ನಾವು ಯಂತ್ರವನ್ನು ಕೇಳಿದೆವು, ಪಕ್ಕದಲ್ಲಿದ್ದ ಮನುಷ್ಯನನ್ನು ಕೇಳಲಿಲ್ಲ. ಅದು ನಮ್ಮ ಮೂವರ ತಪ್ಪು." ಮೂವರ ಎಂದಳು. ನಾನು ಕನ್ನಡಕ ಒರೆಸಿಕೊಂಡೆ. ಎರಡನೇ ಸ್ಥಾನ ಬಂತು. ಊರಿನ ಹಳೇ ಬಾವಿಗಳ ಮೇಲೆ ಚಿತ್ರ ಮಾಡಿದವರಿಗೆ ಮೊದಲನೆಯದು. ಫ್ರಾನ್ಸಿಸ್ ಅಂಕಲ್ ಮಾತ್ರ ಮೊದಲ ಬಹುಮಾನ ಬಂದವರ ಹಾಗೆ ವೇದಿಕೆಯ ಎದುರೇ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಸ್ಕೂಟರಿನ ಹಿಂದೆ ಕೂತಿದ್ದ ಮೇಧಾ ದಾರಿಯಲ್ಲಿ, "ಬರೂ ಐತವಾರ ಕಳಮೇಶ್ವರದ ಕಡೆ ಕಲ್ಲು ನೋಡೂದೈತಿ ಅಂದಿದ್ರಿ ಹೌದಿಲ್ಲೋ?" ಎಂದಳು. ಹೌದೆಂದೆ. "ನಾನೂ ಸಾಯಲೀನೂ ಬರ್ತೀವಿ. ನೀವು ಕಲ್ಲು ಓದ್ರಿ, ನಾವು ಮಂದಿನ್ನ ಕೇಳ್ತೀವಿ." ನಾನು ಕೆಂಪು ದೀಪ ದಾಟಿಯೇಬಿಡುತ್ತಿದ್ದೆ, ಅವಳೇ ಭುಜ ಹಿಡಿದು ನಿಲ್ಲಿಸಿದಳು.

ಹೋದೆವು. ನಾನು ಎರಡು ತಾಸು ಕೂತು ಒಂದೂವರೆ ಸಾಲು ಓದಿದೆ. ಅಷ್ಟರಲ್ಲಿ ಹುಡುಗಿಯರು ಎದುರು ಮನೆಯ ಅಜ್ಜಿಯೊಬ್ಬಳಿಂದ ಆ ಕಲ್ಲು ಮೊದಲು ಯಾವ ಹೊಲದಲ್ಲಿತ್ತು, ಯಾರು ಎಳೆದು ತಂದರು, ಅದಕ್ಕೆ ಸಿಂಧೂರ ಹಚ್ಚುವುದನ್ನು ಶುರು ಮಾಡಿದ ಸೊಸೆ ಯಾರು ಎಂದೆಲ್ಲ ಬರೆದುಕೊಂಡಿದ್ದರು. ಹೊರಡುವಾಗ ಅಜ್ಜಿ ನನ್ನ ಕಡೆ ಬೆರಳು ತೋರಿಸಿ, ಬೆಳಿಗ್ಗೆಯಿಂದ ಒಂದು ಮಾತೂ ಆಡದ ಇವನು ಯಾರು ಎಂದು ಮೇಧಾಳನ್ನು ಕೇಳಿದಳು.

"ನಮ್ಮ ಪಪ್ಪಾ" ಎಂದಳು ಮೇಧಾ, ಅಜ್ಜಿಯ ಮರಾಠಿಯಲ್ಲಿಯೇ. "ಈಗೀಗ ಕಲಿಯುತ್ತಿದ್ದಾರೆ."