ಯೋರುನ್ ಬೇಡಿದ ಬಿಸಿನೀರು

ಯೋರುನ್ ಹುಟ್ಟಿದ ಮನೆಯಲ್ಲಿ ಚಳಿಗಾಲದಲ್ಲೂ ಯಾರೂ ಕಾಲುಚೀಲ ಹಾಕುತ್ತಿರಲಿಲ್ಲ. ಹಿತ್ತಲಿನ ಬಿಸಿನೀರ ಬುಗ್ಗೆಯಿಂದ ಅಪ್ಪ ಕೊಳವೆ ಎಳೆದು ನೆಲದಡಿ ಹರಿಸಿದ್ದ. ಹೊರಗೆ ಹಿಮ ಸುರಿಯುತ್ತಿದ್ದರೂ ಮಕ್ಕಳು ನೆಲಕ್ಕೆ ಕೆನ್ನೆಯಾನಿಸಿ ಮಲಗುತ್ತಿದ್ದರು. ಮೀನುಗಾರ ಕೇತಿಲ್‌ನನ್ನು ಮದುವೆಯಾಗಿ ಐಸ್‌ಲ್ಯಾಂಡಿನ ಪೂರ್ವ ತೀರದ ಹಳ್ಳಿಗೆ ಬಂದವಳಿಗೆ ಸಿಕ್ಕಿದ್ದು ಕಲ್ಲಿದ್ದಲ ಒಲೆ, ಮಸಿ ಹಿಡಿದ ಪರದೆ, ಬೆಳಗಾದರೆ ಹೆಪ್ಪುಗಟ್ಟಿರುತ್ತಿದ್ದ ಬಕೆಟ್ಟಿನ ನೀರು. ಗಂಡ ಒಳ್ಳೆಯವನೇ. ಆದರೂ ಒಲೆ ಹೊತ್ತಿಸುವಾಗಲೆಲ್ಲ ಅವಳ ಮನಸ್ಸು ತವರಿಗೆ ಹೋಗಿ ಕೂರುತ್ತಿತ್ತು.

ತಮ್ಮ ಕುರಿಕೊಟ್ಟಿಗೆಯ ಬದಿಯಲ್ಲಿ ಹಿಮ ಬೇಗ ಕರಗುವುದನ್ನು ಅವಳು ಕಂಡಳು.

“ಇಲ್ಲೂ ಕೆಳಗೆ ಬಿಸಿನೀರಿದೆ ಕಣೋ, ಕೇತಿಲ್.”

“ಕುರಿ ಉಚ್ಚೆ ಹೊಯ್ದಿರುತ್ತೆ ಬಿಡೇ ಮಾರಾಯ್ತಿ,” ಎಂದು ಅವನು ನಕ್ಕ.

ಊರೂ ನಕ್ಕಿತು. ಅವಳು ಬಿಡಲಿಲ್ಲ, ಊರಸಭೆಯಲ್ಲಿ ವರ್ಷ ವರ್ಷವೂ ಎದ್ದು ನಿಂತು ಅದನ್ನೇ ಹೇಳಿದಳು. ಕಲ್ಲಿದ್ದಲು ಹೋಗಿ ಎಣ್ಣೆ ಒಲೆ ಬಂದು, ಎಣ್ಣೆಯೂ ತುಟ್ಟಿಯಾದ ಮೇಲೆ, ಅಂತೂ ಕೊರೆಯುವ ಯಂತ್ರ ಬಂತು. ಕೊಟ್ಟಿಗೆಯಿಂದಾಚೆ ಬಯಲಲ್ಲಿ ಕೊರೆದ ಮೊದಲ ಬಾವಿಯಲ್ಲಿ ಬಂದದ್ದು ತಣ್ಣೀರು. ಯೋರುನ್ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಕೇತಿಲ್ ಎದ್ದು ಬಾವಿಯ ಹತ್ತಿರ ಹೋದ. ಕೊರೆಯುವವರು ಸಾಮಾನು ಕಟ್ಟುತ್ತಿದ್ದರು.

“ನನ್ನ ಕೊಟ್ಟಿಗೇನೇ ಕಿತ್ತಾಕ್ತೀನಿ, ಅದರ ಕೆಳಗೆ ಕೊರೀರಿ. ಅವಳ ಮುಖ ನೋಡೋಕಾಗ್ತಿಲ್ಲ ನನಗೆ.”

ಅಂದೇ ಕೊಟ್ಟಿಗೆಯ ಹಲಗೆ ಬಿಚ್ಚತೊಡಗಿದ.

ಎರಡನೆಯ ಬಾವಿ ಮುಗಿಯುವ ಮೊದಲೇ ಬಿರುಗಾಳಿಗೆ ಸಿಕ್ಕ ಅವನ ದೋಣಿ ಮರಳಲಿಲ್ಲ. ಹೆಣವೂ ಸಿಗಲಿಲ್ಲ.

ವಸಂತದಲ್ಲಿ ಕೊಟ್ಟಿಗೆಯಿದ್ದ ಜಾಗದಿಂದ ಹಬೆಯಾಡುವ ನೀರು ಚಿಮ್ಮಿತು. ಮುಂದಿನ ಚಳಿಗಾಲದೊಳಗೆ ಮನೆಮನೆಗೂ ಕೊಳವೆ ಬಂತು. ಹೆಂಗಸರು ಎಣ್ಣೆ ಒಲೆಗಳನ್ನು ಹೊರಗೆ ಎಸೆದು ನಕ್ಕರು, ಯೋರುನ್‌ಳನ್ನು ತಬ್ಬಿಕೊಂಡರು. ಅವಳು ಬೆಚ್ಚಗಿನ ಕೋಣೆಯಲ್ಲಿ ಒಬ್ಬಳೇ ಕೂತು ಅವನ ಒದ್ದೆ ಉಣ್ಣೆಯಂಗಿಯ ವಾಸನೆಗಾಗಿ, ಹೊಸ್ತಿಲಲ್ಲಿ ಬೂಟು ಕೊಡವುವ ಸದ್ದಿಗಾಗಿ ಹಂಬಲಿಸಿದಳು.

ತವರಿನಿಂದ ತಂಗಿ ಫೋನ್ ಮಾಡಿದಳು. “ಒಬ್ಬಳೇ ಯಾಕಿರ್ತೀಯಕ್ಕಾ? ಬಂದುಬಿಡು. ನಿಂಗೆ ಯಾವಾಗ್ಲೂ ಈ ಮನೇದೇ ಧ್ಯಾನ ಇತ್ತಲ್ಲ.”

“ಇತ್ತು ಕಣೇ,” ಎಂದಳು ಯೋರುನ್. “ಈಗ ನಾನು ಬಂದ್ರೆ ಅವನೊಬ್ಬನೇ ಈ ಸಮುದ್ರದಲ್ಲಿ ಉಳೀತಾನೆ.”

ಫೋನ್ ಇಟ್ಟು ಸಮುದ್ರದ ಕಡೆಯ ಕಿಟಕಿ ತೆರೆದಳು. ಕೋಣೆಯ ಬಿಸಿಯೆಲ್ಲ ಹೊರಗೆ ಹೋಗುತ್ತಿತ್ತು. ಅವಳು ಮುಚ್ಚಲಿಲ್ಲ.