ತಂಗಿಯ ಹೆಸರು ಬಿಡಿಸಿದ ಸಹಿ

ತಂಗಿಗೆ ಕಾರು ಓಡಿಸುವುದನ್ನು ಕಲಿಸುತ್ತೇನೆಂದು ಮಾತು ಕೊಟ್ಟು ನಾನು ಪೂರ್ತಿ ಕಲಿಸಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಿನಗೆ ಅದು ಬರುವುದಿಲ್ಲವೆಂದು ಅವಳನ್ನು ನಂಬಿಸಿಯೂ ಬಿಟ್ಟೆ.

ಆಗ ನಾವಿಬ್ಬರೂ ಅಮೆರಿಕದ ಅಲೆನ್‌ನಲ್ಲಿದ್ದೆವು. ಅಮ್ಮ ತೀರಿಕೊಂಡ ಮೇಲೆ ಅವಳಿಗೆ ನಾನು, ನನಗೆ ಅವಳು. ನಾನು ಓದಿದ್ದು ಏಳನೇ ತರಗತಿ. ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಕೆಲಸ. ಮನೆಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಅವಳೇ ಓದಿ, ಅರ್ಥ ಹೇಳಿ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸುತ್ತಿದ್ದಳು.

ಅವಳಿಗೆ ಲರ್ನರ್ ಪರ್ಮಿಟ್ ಸಿಕ್ಕಿತು. ಎರಡು ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಓಡಿಸಿದಳು. ಚೆನ್ನಾಗಿಯೇ ಓಡಿಸಿದಳು. ಆಮೇಲೆ ಕಾರಿನ ಇನ್ಶೂರೆನ್ಸಿಗೆ ಅವಳ ಹೆಸರು ಸೇರಿಸಲು ನಾನೊಬ್ಬಳೇ ಏಜೆಂಟರ ಬಳಿ ಹೋದೆ. ಅವರು ಮೈಸೂರಿನ ಕಡೆಯ ಅಂಕಲ್.

"ಹದಿನೇಳರ ಹುಡುಗಿಯನ್ನ ಸೇರಿಸಿದ್ರೆ ಪ್ರೀಮಿಯಂ ಏರತ್ತಮ್ಮ. ಒಳ್ಳೇ ಮಾರ್ಕ್ಸ್ ಇದ್ರೆ ರಿಪೋರ್ಟ್ ಕಾರ್ಡ್ ತಂದ್ಕೊಡಿ, ಸ್ವಲ್ಪ ಇಳಿಸ್ತಾರೆ. ಡ್ರೈವಿಂಗ್ ಕೋರ್ಸ್ ಮಾಡಿಸಿದ್ರೆ ಇನ್ನೂ ಸ್ವಲ್ಪ. ಅದೇನೂ ಬೇಡ ಅಂದ್ರೆ, ಅವಳು ಈ ಕಾರು ಮುಟ್ಟೋದೇ ಇಲ್ಲ ಅಂತ ಒಂದು ಸಹಿ ಹಾಕಿ. ಏರೋದೇ ಇಲ್ಲ."

ಅವಳ ಮಾರ್ಕ್ಸ್ ಒಳ್ಳೆಯವೇ ಇದ್ದವು. ಕೇಳಿದ್ದರೆ ಅಂದೇ ರಿಪೋರ್ಟ್ ಕಾರ್ಡ್ ಕೊಡುತ್ತಿದ್ದಳು. ನಾನು ಕೇಳದೆ, ಅವಳ ಹೆಸರು ಬಿಡಿಸಿ ಸಹಿ ಹಾಕಿದೆ; ಇನ್ನು ಅವಳು ಆ ಕಾರು ಓಡಿಸುವಂತಿರಲಿಲ್ಲ. ಅವಳಿಗೆ ತೋರಿಸದೆ ಸಹಿ ಹಾಕಿದ ಕಾಗದ ಅದೊಂದೇ.

ಹಣ ನೆಪ. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡುವ ಇಪ್ಪತ್ತು ನಿಮಿಷವೇ ನಮಗೆ ಮಾತಿನ ಹೊತ್ತು. ಪಕ್ಕದ ಸೀಟಿನಲ್ಲಿ ಕೂತು ಚಪಾತಿ ಸುರುಳಿ ತಿನ್ನುತ್ತ ನನ್ನನ್ನು ಗೇಲಿ ಮಾಡುವಳು. "ಅಕ್ಕ, ಆ ಅಜ್ಜಿ ನಡ್ಕೊಂಡೇ ನಮ್ಮನ್ನ ಓವರ್‌ಟೇಕ್ ಮಾಡಿದ್ರು, ನೋಡು." ಸ್ಟಿಯರಿಂಗ್ ಅವಳ ಕೈಗೆ ಹೋದರೆ ಆ ಇಪ್ಪತ್ತು ನಿಮಿಷ ಹೋಗುತ್ತದೆಂದು ನನಗೆ ಭಯ.

ಕಾರು ಕೇಳಿದಾಗಲೆಲ್ಲ, "ನಿನ್ನ ಕೈ ಇನ್ನೂ ಕುದುರಿಲ್ಲ, ತಿರುವಲ್ಲಿ ಗಾಬರಿ ಬೀಳ್ತೀಯ" ಎನ್ನುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಓದಲು ದೂರದ ಆಸ್ಟಿನ್‌ಗೆ ಹೋದಳು. ಈಗಲೂ ಸಿಗ್ನಲ್‌ನಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ನನ್ನ ಬಲಗೈ ತಾನಾಗಿ ಪಕ್ಕಕ್ಕೆ ಚಾಚಿಕೊಳ್ಳುತ್ತದೆ, ಅವಳು ಮುಂದಕ್ಕೆ ಮುಗ್ಗರಿಸದಂತೆ ತಡೆಯಲು. ಅಲ್ಲಿ ಸೀಟಿನ ಬಟ್ಟೆ ಮಾತ್ರ ಕೈಗೆ ತಗಲುತ್ತದೆ.

ಹೋದ ತಿಂಗಳು ಅವಳನ್ನು ನೋಡಲು ಆಸ್ಟಿನ್‌ಗೆ ಹೋಗಿದ್ದೆ. ಅವಳ ಕೋಣೆಯಲ್ಲಿ ಊಟ ಮಾಡುತ್ತ, ಇನ್ನೊಂದು ಊರಾದ ಶುಗರ್ ಲ್ಯಾಂಡ್‌ನಲ್ಲಿ ಒಂದು ಕೆಲಸ ಸಿಕ್ಕಿದೆ ಎಂದಳು. ಅವಳು ಬಹಳ ದಿನದಿಂದ ಬಯಸಿದ್ದ ಕೆಲಸ.

"ನಾಳೆ ಬೇಡ ಅಂತ ಹೇಳ್ತೀನಿ ಅಕ್ಕ."

"ಯಾಕೇ?"

"ಕಾರಿಲ್ದೆ ಅಲ್ಲಿ ಆಗಲ್ಲ. ನಂಗೆ ಡ್ರೈವಿಂಗ್ ಹತ್ತಲ್ಲ ಅಂತ ನಿಂಗೇ ಗೊತ್ತಲ್ಲ." ನಕ್ಕು, ಮೊಸರಿಗೆ ಕೈ ಚಾಚಿದಳು.

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಏಜೆಂಟರ ಬಳಿ ಹೋದದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳ ಕೈ ತಟ್ಟೆಯಲ್ಲೇ ನಿಂತಿತು.

"ನಿಂಗೆ ಆವತ್ತೇ ಚೆನ್ನಾಗಿ ಬರ್ತಿತ್ತು. ನೀನು ದೂರ ಹೋಗ್ತೀಯ ಅಂತ ಹೆದರಿ ನಾನೇ ಸುಳ್ಳು ಹೇಳ್ದೆ. ತಪ್ಪಾಯ್ತು ಕಣೇ. ನನ್ನ ಕ್ಷಮಿಸು."